ಹೆಗ್ಗಾಲನ ಜಾಡು

ಬೀರೂರಿನಿಂದ ತರೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವವರು ಎಡಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಬೇಕು. ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹಿಂದೆ ಸರಿಯುತ್ತಿರುವಂತೆಯೇ ಚಂದ್ರದ್ರೋಣ ಪರ್ವತದ ನೀಲಿಯ ಗೋಡೆ ನಿಧಾನವಾಗಿ ಹತ್ತಿರ ಬರುತ್ತದೆ. ಕಡೂರಿನಲ್ಲಿ ಬೆಳೆದ ನಮಗೆ ಆ ಗೋಡೆ ದೂರದಿಂದ ದಿನವೂ ಕಾಣುತ್ತಿತ್ತು. ಅಲ್ಲಿ ಏನೇನಿದೆ ಎಂಬುದು ಮಾತ್ರ ಕಥೆಗಳಿಂದಲೇ ತಿಳಿಯಬೇಕಾಗಿತ್ತು. ಅಂಥ ಕಥೆಯೊಂದನ್ನು ಬೆನ್ನಟ್ಟಿ ನಾನು ಬೆಟ್ಟ ಹತ್ತಿದ ಪ್ರಸಂಗವನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಅಜ್ಜಿಯ ತವರು ಅಜ್ಜಂಪುರದ ಹತ್ತಿರದ ಒಂದು ಹಳ್ಳಿ. ಬೇಸಗೆಯ ರಜೆ ಬಂದರೆ ನಾವು ಮಕ್ಕಳು ಅಲ್ಲಿ. ಆ ಮನೆಯ ಜಗಲಿಯ ಕೊನೆಯಲ್ಲಿ, ಕಂಬಕ್ಕೆ ಒರಗಿಕೊಂಡು, ಅಜ್ಜಿಯ ಕೊನೆಯ ತಮ್ಮ ಹಗ್ಗ ಹೊಸೆಯುತ್ತ ಕುಳಿತಿರುತ್ತಿದ್ದರು. ಮುಖದ ಎಡಭಾಗ ಮುಚ್ಚುವಂತೆ ತಲೆಗೊಂದು ಟವೆಲು. ಆ ಭಾಗದಲ್ಲಿ ಕಣ್ಣಿರಲಿಲ್ಲ. ಮೂಗೂ ಪೂರ್ತಿಯಾಗಿ ಇರಲಿಲ್ಲ. ನಮಗೆ ಅವರು ಚಿಕ್ಕಜ್ಜ. ಇಪ್ಪತ್ತರ ಪ್ರಾಯದಲ್ಲಿ ಬಿದಿರು ತರಲು ಗಾಡಿ ಕಟ್ಟಿಕೊಂಡು ತರೀಕೆರೆಯಾಚೆ ಕಲ್ಹತ್ತಿಗಿರಿಯ ಕಡೆ ಹೋಗಿದ್ದಾಗ, ನಸುಕಿನಲ್ಲಿ ಕಾಡುಮನುಷ್ಯ ಎದುರಾಗಿ ಕೆನ್ನೆಗೆ ಬಾರಿಸಿದನಂತೆ. ಆಳೆತ್ತರ, ಮೈತುಂಬ ಕರಿಯ ಕೂದಲು, ಎರಡೇ ಕಾಲಿನ ನಡಿಗೆ, ಎದೆಯ ಮೇಲೆ ವಿಭೂತಿ ಬಳಿದಂಥ ಬಿಳಿಯ ಗುರುತು, ಮೊರದಗಲದ ಹೆಜ್ಜೆ. ವೀರಭದ್ರನಿಗೆ ಹೊತ್ತ ಹರಕೆಯನ್ನು ತೀರಿಸದೆ ಅದೇ ದಾರಿಯಲ್ಲಿ ಹೋದದ್ದಕ್ಕೆ ಆದ ಶಾಸ್ತಿ ಎಂದು ಊರೆಲ್ಲ ಹೇಳುತ್ತಿತ್ತು. ಅವರಿಗೆ ಯಾರೂ ಹೆಣ್ಣು ಕೊಡಲಿಲ್ಲ. ಮದುವೆಯ ಮನೆಗಳಲ್ಲಿ ಅವರು ಹಿತ್ತಲ ಬಾಗಿಲಿನಿಂದ ಬಂದು ಉಂಡು ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಕಥೆ ಅಜ್ಜಿಯ ಬಾಯಿಂದ ಬಂದದ್ದು. ಚಿಕ್ಕಜ್ಜನನ್ನು ಕೇಳಿದರೆ ಅವರು ನಾರನ್ನು ತೊಡೆಯ ಮೇಲೆ ಇನ್ನೊಮ್ಮೆ ಉಜ್ಜುತ್ತಿದ್ದರೇ ಹೊರತು ಮಾತಾಡುತ್ತಿರಲಿಲ್ಲ. ಅವರ ಮೌನವನ್ನು ನಾನು ಸಮ್ಮತಿಯೆಂದೇ ತಿಳಿದೆ. ಶಾಲೆಯಲ್ಲಿ ಹೇಳಿದೆ; ಹಾಸ್ಟೆಲಿನಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಹೇಳಿದೆ; ಅಧ್ಯಾಪಕನಾದ ಮೇಲೆ ಜನಪದ ಕಥೆಗಳ ಪಾಠದಲ್ಲಿಯೂ ಹೇಳಿದೆ. ಹೇಳಿದಂತೆಲ್ಲ ಆ ಹೆಜ್ಜೆ ಒಂದೆರಡು ಅಂಗುಲ ಬೆಳೆಯುತ್ತಿತ್ತು.

ಆ ಹೊತ್ತಿಗೆ ಅಮೆರಿಕದ 'ಬಿಗ್ ಫುಟ್' ಸುದ್ದಿಯನ್ನೂ ಓದಿದ್ದೆ. ೧೯೫೮ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನೊಳಗೆ ರಸ್ತೆ ಮಾಡುತ್ತಿದ್ದ ಕೆಲಸಗಾರರಿಗೆ ೧೬ ಅಂಗುಲ ಉದ್ದದ ಬರಿಗಾಲಿನ ಹೆಜ್ಜೆಗಳು ಕಂಡವು. ಗಾರೆಯಲ್ಲಿ ಅಚ್ಚು ತೆಗೆದರು. ಅಲ್ಲಿನ ಪತ್ರಿಕೆಯೊಂದು ಆ ಹೆಸರನ್ನು ಜಗತ್ತಿಗೆ ಹಂಚಿತು. ನಮ್ಮ ವ್ಯಾಕರಣದ ಹಾದಿಯಲ್ಲಿ ಹಿರಿದು, ಕಾಲು ಎರಡನ್ನೂ ಸೇರಿಸಿ ನಾನು ಅವನನ್ನು 'ಹೆಗ್ಗಾಲ' ಎಂದು ಕರೆದೆ. ನನ್ನ ವಿದ್ಯಾರ್ಥಿಗಳಿಗೆ ಆ ಪದ ಬಹಳ ಹಿಡಿಸಿತು. ೨೦೦೨ರಲ್ಲಿ ಆ ರಸ್ತೆಯ ಗುತ್ತಿಗೆದಾರ ತೀರಿಕೊಂಡ ಮೇಲೆ, ಆ ಹೆಜ್ಜೆಗಳನ್ನು ಒತ್ತಿದ್ದು ಇವುಗಳಿಂದಲೇ ಎಂದು ಅವನ ಮನೆಯವರು ಮರದಲ್ಲಿ ಕೆತ್ತಿದ ಪಾದಗಳನ್ನು ತೋರಿಸಿದರು. ಆದರೆ ನಾನು ಬೆಟ್ಟ ಹತ್ತಿದ್ದು ೧೯೮೪ರಲ್ಲಿ.

ದೀಪಾವಳಿಯ ರಜೆ. ಕಲ್ಹತ್ತಿಗಿರಿಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ಕಾಲುದಾರಿಯಲ್ಲಿ ದೊಡ್ಡ ಹೆಜ್ಜೆಗಳು ಬಿದ್ದಿವೆಯೆಂದು ತರೀಕೆರೆಯ ಗೆಳೆಯರೊಬ್ಬರು ಕಾಗದ ಬರೆದರು. ನಾನು ನೂಲಿನ ಉಂಡೆ, ಪೆನ್ಸಿಲು, ಬುತ್ತಿ ಹಿಡಿದು ಹೊರಟೇಬಿಟ್ಟೆ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತರಾಗಿದ್ದ ಹಿರಿಯರೊಬ್ಬರು ದಾರಿ ತೋರಿಸಲು ಒಪ್ಪಿಕೊಂಡರು. ಜಲಪಾತದ ಬುಡದಲ್ಲಿ ವೀರಭದ್ರನಿಗೆ ಕೈಮುಗಿದು ಏರತೊಡಗಿದೆವು. ಕಣಿವೆಯಲ್ಲಿ ಕಾಡು, ನೆತ್ತಿಯಲ್ಲಿ ಹುಲ್ಲು, ನಡುವೆ ಮಂಜು. ಆಗಾಗ ಮಂಜು ಸರಿದಾಗ ಕೆಳಗೆ ಬಹುದೂರದಲ್ಲಿ ನಮ್ಮ ಬಯಲು. ಅಲ್ಲಿಂದ ನೋಡಿದರೆ ನನ್ನ ಊರಿನ ದಿಕ್ಕಿನಲ್ಲಿ ಬರೀ ಬಿಸಿಲು ಕಾಣುತ್ತಿತ್ತು. ದಾರಿಯುದ್ದಕ್ಕೂ ನಾನು ಕ್ಯಾಲಿಫೋರ್ನಿಯಾದ ಕಥೆ ಹೇಳಿದೆ. ಅವರು ಹೂಂಗುಟ್ಟುತ್ತ ಬಂದರು.

ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ. ಮಳೆ ನಿಂತ ಹೊಸದರಲ್ಲಿ ಆ ಮಣ್ಣು ಹೆಜ್ಜೆಯನ್ನು ಅಚ್ಚೊತ್ತಿದಂತೆ ಹಿಡಿಯುತ್ತದೆ. ಒಡೆದ ಹುತ್ತವೊಂದರ ಪಕ್ಕದಲ್ಲಿ ಅವು ಇದ್ದವು. ಅಗಲವಾದ ಅಂಗಾಲು, ಒತ್ತಾದ ಐದು ಬೆರಳು, ಹಿಮ್ಮಡಿ. ನನ್ನ ಎದೆ ಹೊಡೆದುಕೊಂಡಿತು. ನೂಲನ್ನು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಎಳೆದು ಎರಡು ಗಂಟು ಹಾಕಿದೆ. ಹಿರಿಯರು ಹೇಳಿದರು: "ಸ್ವಾಮಿ, ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ನಿಮ್ಮ ಕಾಲೂರಿ."

ಊರಿದೆ.

"ನಿಮ್ಮ ಹೆಬ್ಬೆರಳು ಒಳಗಡೆ ಐತೆ. ಇವನದು ಹೊರಗಡೆ ಐತೆ ನೋಡಿ."

ಕರಡಿಯ ಪಾದದಲ್ಲಿ ದೊಡ್ಡ ಬೆರಳು ಹೊರಗಡೆ ಇರುತ್ತದೆ, ಚಿಕ್ಕದು ಒಳಗಡೆ. ಅದರ ಬಲಗಾಲು ನಮ್ಮ ಕಣ್ಣಿಗೆ ಎಡಗಾಲು. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಎರಡೂ ಸೇರಿ ಒಂದು ಮಹಾಪಾದವಾಗುತ್ತದೆ. ಅವರು ಹುತ್ತದ ಮೇಲಿನ ಉಗುರಿನ ಗೀರುಗಳನ್ನು ತೋರಿಸಿದರು. ಅದು ತುಟಿಯನ್ನು ಕೊಳವೆ ಮಾಡಿ ಗೆದ್ದಲನ್ನು ಹೀರುವ ಸದ್ದು ದೂರಕ್ಕೂ ಕೇಳುತ್ತದೆ ಎಂದರು. ಎರಡು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಾಯಿ ಮೊಬ್ಬಿನಲ್ಲಿ ಬಂದರೆ ಮೂರು ತಲೆಯ ದೆವ್ವವೇ ಎಂದು ನಕ್ಕರು. ಅದರ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮನುಷ್ಯ ತೀರ ಹತ್ತಿರ ಬರುವತನಕ ಗೊತ್ತಾಗುವುದಿಲ್ಲ. ಗೊತ್ತಾದಾಗ ಬೆಚ್ಚಿಬಿದ್ದು ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತದೆ. ನಿಂತದ್ದರ ಎದೆಯಲ್ಲಿ ಬಿಳಿಯ ಪಟ್ಟೆ ಕಾಣುತ್ತದೆ. ಹೊಡೆಯುವುದು ಮುಖಕ್ಕೆ.

ವಿಭೂತಿಯ ಗುರುತು ನನಗೆ ಆಗ ನೆನಪಾಯಿತು. ಇನ್ನೊಂದೂ ನೆನಪಾಯಿತು. ಕೇಳುಗರಲ್ಲಿ ಹಿರಿಯರಾದವರು ಬೀದಿಗೆ ಬರುತ್ತಿದ್ದ ಕರಡಿ ಆಡಿಸುವವರನ್ನು ನೋಡಿರುತ್ತೀರಿ. ೧೯೭೨ರ ವನ್ಯಜೀವಿ ಕಾಯಿದೆಯ ಮೇಲೂ ಅವರು ಒಡನೆ ಮರೆಯಾಗಲಿಲ್ಲ. ರಾತ್ರಿ ಬೆಚ್ಚುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ, ನಾಲ್ಕು ಕೂದಲು ಕಿತ್ತು ತಾಯಿತಕ್ಕೆ ತುಂಬಿ ಕಟ್ಟುತ್ತಿದ್ದರು. ಕಾಡುಮನುಷ್ಯನ ಭಯಕ್ಕೆಂದು ನನ್ನ ತೋಳಿಗೆ ಅಜ್ಜಿ ಕಟ್ಟಿಸಿದ್ದದ್ದು ಕರಡಿಯ ಕೂದಲು!

ಮುಂದೆ ಓದುತ್ತ ಹೋದಂತೆ, ಎಡವಿದವರು ನಾವಷ್ಟೇ ಅಲ್ಲವೆಂದು ತಿಳಿಯಿತು. ನಮ್ಮ ಈ ಕರಡಿಗೆ ೧೭೯೧ರಲ್ಲಿ ಮೊದಲು ಶಾಸ್ತ್ರೀಯ ಹೆಸರಿಟ್ಟ ಜಾರ್ಜ್ ಷಾ ಎಂಬ ಇಂಗ್ಲಿಷ್ ವಿದ್ವಾಂಸ, ಉದ್ದನೆಯ ಉಗುರುಗಳನ್ನು ನೋಡಿ ಇದು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮರವಾಸಿ ಪ್ರಾಣಿಯ ಬಂಧುವೆಂದು ತಿಳಿದ. ಇಂಗ್ಲಿಷಿನಲ್ಲಿ ಇದು ಇಂದಿಗೂ ಸ್ಲಾತ್ ಕರಡಿಯೇ. ಹಿಮಾಲಯದ ಯೇತಿಯ ಕಥೆ ಭಾಷೆಯ ಮೇಷ್ಟರಾದ ನನಗೆ ಇನ್ನೂ ಹತ್ತಿರದ್ದು. ೧೯೨೧ರಲ್ಲಿ ಎವರೆಸ್ಟಿನ ಪರಿಶೀಲನೆಗೆ ಹೋದ ತಂಡ ಹಿಮದ ಮೇಲೆ ಹೆಜ್ಜೆಗಳನ್ನು ಕಂಡಿತು. ಕೂಲಿಗಳು ಹೇಳಿದ ಹೆಸರಿನಲ್ಲಿ 'ಮೆತೋ' ಎಂಬ ಮಾತಿತ್ತು. ನರಕರಡಿ ಎಂದು ಅದರ ಅರ್ಥ. ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಹೆನ್ರಿ ನ್ಯೂಮನ್ ಅದನ್ನು 'ಹೊಲಸು' ಎಂದು ತಿಳಿದು, ಆಮೇಲೆ 'ಹೇಯ ಹಿಮಮಾನವ' ಎಂದು ಇಂಗ್ಲಿಷಿಗೆ ತಂದ. ಕಂಡವರ ಮಾತಿನಲ್ಲಿದ್ದ ಕರಡಿ ಅನುವಾದದಲ್ಲಿ ಬಿದ್ದುಹೋಯಿತು, ಮನುಷ್ಯ ಮಾತ್ರ ಉಳಿದ. ೨೦೧೭ರಲ್ಲಿ ವಿಜ್ಞಾನಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೇತಿಯದೆಂದು ಕಾಪಾಡಿಕೊಂಡು ಬಂದ ಮೂಳೆ, ಚರ್ಮ, ಕೂದಲುಗಳ ೯ ತುಣುಕುಗಳ ಡಿಎನ್‌ಎ ಪರೀಕ್ಷಿಸಿದರು. ೮ ಕರಡಿಯವು, ಒಂದು ನಾಯಿಯದು. ಆದರೂ ೨೦೧೯ರಲ್ಲಿ ಮಕಾಲು ಶಿಬಿರದ ಬಳಿ ಯೇತಿಯ ಹೆಜ್ಜೆ ಕಂಡಿತೆಂದು ನಮ್ಮ ಸೈನ್ಯವೇ ಚಿತ್ರ ಪ್ರಕಟಿಸಿತು!

ನಮ್ಮ ನೆರೆಯ ಅರಸೀಕೆರೆಯ ಕಡೆ ಒಮ್ಮೆ ಒಂದು ಕರಡಿ ೧೨ ಮಂದಿಯನ್ನಾದರೂ ಕೊಂದು, ಇನ್ನೂ ಎಷ್ಟೋ ಮಂದಿಯ ಮುಖ ಹರಿದದ್ದನ್ನೂ ಕೊನೆಗೆ ತಾನು ಅದನ್ನು ಹೊಡೆದದ್ದನ್ನೂ ಬೇಟೆಗಾರ ಕೆನೆತ್ ಆಂಡರ್ಸನ್ ೧೯೫೭ರ ಪುಸ್ತಕದಲ್ಲಿ ಬರೆದಿದ್ದಾನೆ. ಅದು ಹುಡುಗಿಯೊಬ್ಬಳನ್ನು ಒಯ್ದು ಇಟ್ಟುಕೊಂಡಿತ್ತು, ಜನ ಅವಳನ್ನು ಬಿಡಿಸಿಕೊಂಡು ಬಂದದ್ದಕ್ಕೆ ಸೇಡು ತೀರಿಸುತ್ತಿದೆ ಎಂಬ ವದಂತಿ ಆಗ ಹಬ್ಬಿತ್ತಂತೆ. ಅದನ್ನು ಓದಿದಾಗ ಬೆಚ್ಚಿದೆ. ಕರಡಿ ಹೆಣ್ಣನ್ನು ಒಯ್ದು, ಓಡಿಹೋಗದಂತೆ ಅಂಗಾಲನ್ನು ನೆಕ್ಕಿ ನೆಕ್ಕಿ ಸವೆಸುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. (ಭಾಗವತದಲ್ಲಿ ತಿರುವುಮುರುವು: ಕರಡಿಗಳೊಡೆಯ ಜಾಂಬವಂತನ ಮಗಳನ್ನು ಕೃಷ್ಣನೇ ಮದುವೆಯಾಗುತ್ತಾನೆ.) ಆಂಡರ್ಸನ್ನನಿಗೆ ತೋರಿದ್ದು ಬೇರೆ: ಮನುಷ್ಯರೇ ಅದಕ್ಕೆ ಮೊದಲು ಏನೋ ಗಾಯ ಮಾಡಿರಬೇಕು.

ಇದೆಲ್ಲ ಆಮೇಲಿನ ತಿಳಿವಳಿಕೆ. ೧೯೮೪ರಲ್ಲಿ ಬೆಟ್ಟವಿಳಿದವನು ನೇರವಾಗಿ ಅಜ್ಜಂಪುರದ ಕಡೆಗೆ ಹೋದೆ. ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಚಿಕ್ಕಜ್ಜ ಅದೇ ಕಂಬದ ಬಳಿ ಇದ್ದರು. ಉಳಿದ ಕಣ್ಣಿಗೂ ಪೊರೆ ಬರತೊಡಗಿತ್ತು. ಪಕ್ಕದಲ್ಲಿ ಕುಳಿತು, ಮಾತು ಹೇಗೆ ತೆಗೆಯಬೇಕೆಂದು ತಿಳಿಯದೆ, "ಚಿಕ್ಕಜ್ಜ, ಅದು ಕರಡಿಯಲ್ಲವೇ?" ಎಂದೆ.

ಅವರ ಕೈ ನಿಂತಿತು. "ಕರಡಿ ಕಣಪ್ಪ. ಗಾಡಿಯಿಂದ ಇಳಿಸಿದಾಗಲೇ ಹೇಳಿದ್ದೆ. ನಿಮ್ಮಜ್ಜಿಗೂ ಹೇಳಿದ್ದೆ. ಅದು ಯಾರಿಗೆ ಬೇಕಾಗಿತ್ತು?"

"ಮತ್ತೆ ನಾವು ಕೇಳಿದಾಗ?"

"ನೀವು ಕರಡಿ ಅಂತ ಯಾವತ್ತು ಕೇಳಿದಿರಿ?"

ಪಾಠದಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಜೇಬಿನಿಂದ ಗಂಟು ಹಾಕಿದ ನೂಲನ್ನು ತೆಗೆದು ಅವರ ಕೈಗೆ ಕೊಟ್ಟು, ಇದು ಅದರ ಹೆಜ್ಜೆಯ ಅಳತೆ ಎಂದೆ. ಹಗ್ಗ ಹೊಸೆದು ಒರಟಾದ ಬೆರಳುಗಳಿಂದ ಅವರು ಒಂದು ಗಂಟನ್ನು ಹುಡುಕಿದರು, ಇನ್ನೊಂದನ್ನು ಹುಡುಕಿದರು. ನೂಲನ್ನು ನೆಟ್ಟಗೆ ಎಳೆದು ಟವೆಲಿನ ಕೆಳಗೆ ಕೆನ್ನೆಗೆ ಹಿಡಿದು ನೋಡಿದರು.

"ಇಷ್ಟೇನಾ?" ಎಂದರು.