ಹಳೇ ಬೀದಿಗೆ ಬರುವ ಹೊಸ ಕಟ್ಟಡ



ಮೇಷ್ಟ್ರ ನೆನಪಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ಒಳಗೊಳಗೇ ದಿಗಿಲೂ ಹೌದು. ಮೈಸೂರಿನ ಈ ಭಾಗದಲ್ಲಿ ‘ಮೇಷ್ಟ್ರು’ ಎಂದರೆ ಸಾಕು, ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಡ್ರಾಯಿಂಗ್ ಕಲಿಸುತ್ತಿದ್ದ ಅವರು ಹುಡುಗರನ್ನು ಕ್ಲಾಸಿನಲ್ಲಿ ಕೂರಿಸಿದ್ದಕ್ಕಿಂತ ರಸ್ತೆಯಲ್ಲಿ ನಿಲ್ಲಿಸಿದ್ದೇ ಹೆಚ್ಚಂತೆ. ಕಟ್ಟಡ ಬರೆಯಿರಿ ಎನ್ನುತ್ತಿರಲಿಲ್ಲ, ಬೀದಿ ಬರೆಯಿರಿ ಎನ್ನುತ್ತಿದ್ದರು ಎಂದು ಅವರ ಶಿಷ್ಯರು ಹೇಳುತ್ತಾರೆ. ನಾನು ಅವರ ಶಿಷ್ಯನಲ್ಲ. ಆದರೂ ಇವತ್ತು ನಾನು ಹೇಳಹೊರಟಿರುವುದು ಅವರು ಯಾವಾಗಲೋ ಹೇಳಿ ಮುಗಿಸಿದ ಮಾತೇ.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಪಾರಂಪರಿಕ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಅದರ ವಿನ್ಯಾಸ ಸುತ್ತಲಿನದಕ್ಕೆ ಒಗ್ಗುತ್ತದೆಯೇ ಎಂದು ಒಂದು ಸಮಿತಿ ನೋಡಬೇಕು ಎಂಬ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅಮೆರಿಕದ ಚಾರ್ಲ್‌ಸ್ಟನ್ ನಗರ 1931ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ನಮ್ಮಲ್ಲಿ ಮುಂಬಯಿ 1995ರಲ್ಲಿ ಕಟ್ಟಡಗಳನ್ನು ದರ್ಜೆವಾರು ಪಟ್ಟಿ ಮಾಡಿ ಸಮಿತಿ ರಚಿಸಿತು. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಅಳತೆ 1992ರ ಅಧಿಸೂಚನೆಯಲ್ಲಿ ಬಂತು, 2010ರ ತಿದ್ದುಪಡಿಯಲ್ಲಿ ಗಟ್ಟಿಯಾಯಿತು. ಹಂಪಿಗೆ 2002ರಲ್ಲಿ ಬೇರೆಯೇ ಕಾಯ್ದೆ ಆಯಿತು. ಈ ವಿವರಗಳೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ನಿಮ್ಮ ಸಂಜೆಯನ್ನು ಅದಕ್ಕಾಗಿ ತಿನ್ನುವುದಿಲ್ಲ.

ನನ್ನ ತಕರಾರು ಇರುವುದು ಸಮಿತಿಗಳು ಯಾವುದನ್ನು ನೋಡುತ್ತವೆ ಎಂಬುದರ ಬಗ್ಗೆ. ಇಂಥ ಸಮಿತಿಯೊಂದರ ಮೇಜಿನ ಮುಂದೆ ನಾನೂ ಕೂತಿದ್ದೇನೆ. ಅಲ್ಲಿಗೆ ಬಂದ ನಕ್ಷೆಯೊಂದನ್ನು ಬಿಡಿಸಿ ತೋರಿಸುತ್ತೇನೆ, ಬೀದಿಯ ಹೆಸರು ಬೇಡ. ಮೂರು ಹಳೆಯ ಮನೆಗಳ ನಿವೇಶನ ಕೂಡಿಸಿ ಕಟ್ಟುವ ವಾಣಿಜ್ಯ ಸಂಕೀರ್ಣ. ಮೊದಲ ಹಾಳೆ ಬಣ್ಣದ ಎಲಿವೇಷನ್, ಅಂದರೆ ಮುಂಭಾಗದ ನೋಟ: ಕೆನೆಬಣ್ಣದ ಗೋಡೆ, ಸಾಲು ಕಮಾನು, ಎರಡು ಮೂಲೆಗೂ ಪುಟ್ಟ ಗುಮ್ಮಟ, ಮೇಲೆ ಕಳಶ. ಎರಡನೆಯ ಹಾಳೆ ನೆಲಮಟ್ಟದ ಪ್ಲಾನ್: ಮುಂದೆ ಬಿಟ್ಟ ಜಾಗ, ಅದರಲ್ಲಿ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್, ಕಂಬಗಳ ನಡುವೆ ಪಾರ್ಕಿಂಗ್, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್, ಜನರೇಟರ್. ಬಣ್ಣದ ಹಾಳೆಯ ಕಮಾನುಗಳೆಲ್ಲ ಇದ್ದದ್ದು ಮೊದಲನೇ ಮಹಡಿಯಿಂದ ಮೇಲಕ್ಕೆ. ಬೀದಿಯಲ್ಲಿ ನಡೆಯುವವನಿಗೆ ಕಾಣುವುದು ಎರಡನೆಯ ಹಾಳೆ. ಸಮಿತಿಯಲ್ಲಿ ಚರ್ಚೆ ಎಷ್ಟೋ ಹೊತ್ತು ನಡೆಯಿತು, ಪೂರ್ತಿ ಗುಮ್ಮಟದ ಮೇಲೆ. ಈರುಳ್ಳಿಯಾಕಾರ ಬೇಕೋ ಅರ್ಧಗೋಳ ಸಾಕೋ, ಗ್ಲಾಸ್ ಫೈಬರಿನಲ್ಲಿ ಮಾಡಿದರೆ ನಡೆಯುತ್ತದೆಯೋ ಇಲ್ಲವೋ. ಎರಡನೆಯ ಹಾಳೆಯನ್ನು ಯಾರೂ ತಿರುವಲಿಲ್ಲ. ಎರಡು ಪಕ್ಕದ ಕಟ್ಟಡಗಳು ಯಾವ ಹಾಳೆಯಲ್ಲೂ ಇರಲಿಲ್ಲ.

ಇದು ಒಂದು ಸಮಿತಿಯ ಕಥೆಯಲ್ಲ. ಈ ಚರ್ಚೆಯ ಹಿಂದೆ ಎರಡು ಪಂಥಗಳಿವೆ, ಎರಡಕ್ಕೂ ನನ್ನ ಒಪ್ಪಿಗೆಯಿಲ್ಲ.

ಮೊದಲನೆಯವರು ಅನುಕರಣವಾದಿಗಳು. ಹಳೆಯ ಶೈಲಿಯಲ್ಲೇ ಕಟ್ಟಿದರೆ ಹಳೆಯದಕ್ಕೆ ಹೊಂದುತ್ತದೆ ಎನ್ನುತ್ತಾರೆ. ಹಳೆಯ ಶೈಲಿ ಎಂದರೆ ಯಾವುದು ಸ್ವಾಮಿ? 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಕಟ್ಟಿ 1912ರ ಹೊತ್ತಿಗೆ ಮುಗಿಸಿದ ಅರಮನೆಯೇ ಹಿಂದೂ, ಮೊಘಲ್, ರಜಪೂತ, ಗೋಥಿಕ್ ಎಲ್ಲವನ್ನೂ ಕಲಸಿದ್ದು. ಅದರ ಪಕ್ಕದ ಬೀದಿಗಳಲ್ಲಿ ಯುರೋಪಿನ ಕಂಬವೂ ಇದೆ, ನಾಡಹೆಂಚಿನ ಮಾಡೂ ಇದೆ, ಮದ್ರಾಸ್ ತಾರಸಿಯೂ ಇದೆ. ಆ ಕಾಲದ ಮೈಸೂರು ಶೈಲಿಯ ವಿಷಯದಲ್ಲಿ ಮಡಿವಂತಿಕೆ ಮಾಡಲಿಲ್ಲ. ಮಡಿವಂತಿಕೆ ಬಂದಿರುವುದು ನಮಗೆ. ಅರಮನೆಗೆ ಗುಮ್ಮಟವಿದೆ ಎಂದು ಸೀರೆ ಅಂಗಡಿಗೂ ಗುಮ್ಮಟವಿಟ್ಟರೆ ಇಳಿಯುವುದು ಅರಮನೆಯ ತೂಕ.

ಬೆಂಗಳೂರಿನ ಉದಾಹರಣೆ ತೆಗೆದುಕೊಳ್ಳಿ. 1868ರಲ್ಲಿ ಮುಗಿದ ಅಠಾರ ಕಚೇರಿ ಕೆಂಪು ಬಣ್ಣದ್ದು, ಎರಡು ಅಂತಸ್ತು, ಗ್ರೀಕ್ ಮಾದರಿಯ ಕಂಬಗಳು. ಅದರೆದುರು 1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದ ವಿಧಾನಸೌಧ ಒಂದು ಕಂಬವನ್ನೂ ಅದರಿಂದ ಎರವಲು ಪಡೆಯಲಿಲ್ಲ. ಕೆಂಗಲ್ ಹನುಮಂತಯ್ಯನವರಿಗೆ ಬೇಕಿದ್ದದ್ದೇ ಬೇರೆ; ಬಿ.ಆರ್. ಮಾಣಿಕಂ ಕಟ್ಟಿದ್ದು ಬಿಳಿಗಲ್ಲಿನಲ್ಲಿ, 700 ಅಡಿ ಉದ್ದಕ್ಕೆ. ಆದರೂ ಎರಡೂ ಮುಖಾಮುಖಿ ನಿಂತು ಒಂದಕ್ಕೊಂದು ಮರ್ಯಾದೆ ಕೊಡುತ್ತವೆ. ಅಲ್ಲಿ ರಸ್ತೆಯಿಂದ ದೂರ ಸರಿದು, ಅಂಗಳ ಬಿಟ್ಟು, ಅಡ್ಡಡ್ಡಕ್ಕೆ ಹರಡಿ ನಿಲ್ಲುವುದೇ ರೂಢಿ. ಹೊಸದು ಆ ರೂಢಿಯನ್ನು ಪಾಲಿಸಿತು. ಆಮೇಲೆ 2005ರಲ್ಲಿ ವಿಕಾಸಸೌಧ ಬಂತು. ಅದು ಅಕ್ಕನನ್ನು ಅಚ್ಚೊತ್ತಿದ ಹಾಗೆಯೇ ಇದೆ, ಅದೇ ಕಲ್ಲು, ಅದೇ ಗುಮ್ಮಟ. ಗಾತ್ರಕ್ಕೆ ತಕ್ಕ ಜಾಗ, ನಿಲುವು ಮಾತ್ರ ಸಿಗಲಿಲ್ಲ. ಶೈಲಿ ಹೊಂದಿದರೆ ಸಾಕು ಎನ್ನುವವರು ಈ ಮೂರು ಕಟ್ಟಡಗಳನ್ನು ಒಮ್ಮೆ ಸುತ್ತಿಬಂದು ಮಾತಾಡಲಿ.

ಎರಡನೆಯ ಪಂಥದವರು ಹೆಚ್ಚು ಓದಿಕೊಂಡವರು, ಆದ್ದರಿಂದ ಅವರ ಜೊತೆ ವಾದ ಕಷ್ಟ. ಹೊಸದು ಹೊಸದಾಗಿಯೇ ಕಾಣಬೇಕು, ತನ್ನ ಕಾಲದ ಮುದ್ರೆ ಹೊತ್ತಿರಬೇಕು ಎಂದು ಇವರು 1964ರ ವೆನಿಸ್ ಸನ್ನದನ್ನು ಮುಂದಿಡುತ್ತಾರೆ. ಆ ಸನ್ನದಿನ 9ನೇ ಕಲಮಿನಲ್ಲಿ ಅಂಥ ಮಾತು ಇದೆ, ನಿಜ. ಆದರೆ ಆ ಕಲಮು ಇರುವುದು ಸ್ಮಾರಕವೊಂದರ ಜೀರ್ಣೋದ್ಧಾರದ ಬಗ್ಗೆ. ಒಡೆದ ಶಿಲ್ಪಕ್ಕೆ ಕೈ ಜೋಡಿಸುವಾಗ ಹೊಸ ಕೈ ಯಾವುದು ಎಂದು ತಿಳಿಯುವಂತಿರಲಿ, ನೋಡುವವನಿಗೆ ಮೋಸವಾಗದಿರಲಿ ಎಂಬುದು ಅದರ ಕಾಳಜಿ. ಅಗ್ರಹಾರದ ಖಾಲಿ ನಿವೇಶನದಲ್ಲಿ ಕಟ್ಟುವ ಮನೆಗೆ ಅದನ್ನು ತಂದು ಹೊಂದಿಸುವುದು ಓದಿನ ತಪ್ಪು. ಅದೇ ಸನ್ನದಿನ 13ನೇ ಕಲಮು ಸೇರ್ಪಡೆಗಳು ಕಟ್ಟಡದ ಸಾಂಪ್ರದಾಯಿಕ ಪರಿಸರವನ್ನೂ ಸುತ್ತಲಿನೊಂದಿಗಿನ ಸಂಬಂಧವನ್ನೂ ಕೆಡಿಸಬಾರದು ಎನ್ನುತ್ತದೆ. ಅದನ್ನು ಇವರು ಉದ್ಧರಿಸಿದ್ದನ್ನು ನಾನು ಕೇಳಿಲ್ಲ. ಅಮೆರಿಕದ ಸಂರಕ್ಷಣಾ ಮಾರ್ಗಸೂತ್ರವೂ ಹೊಸದು ಬೇರೆಯಾಗಿ ಕಾಣಬೇಕು, ಜೊತೆಗೆ ಹೊಂದಬೇಕು ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳುತ್ತದೆ. ನಮ್ಮಲ್ಲಿ ಅರ್ಧ ವಾಕ್ಯ ಹಿಡಿದುಕೊಂಡವರು ಇಡೀ ಮುಖಕ್ಕೆ ನೀಲಿ ಗಾಜು ಹಾಕಿ, ಹಳೆಯ ಕಟ್ಟಡ ಅದರಲ್ಲಿ ಪ್ರತಿಬಿಂಬಿಸುತ್ತದೆ, ಅದೇ ಗೌರವ ಎನ್ನುತ್ತಾರೆ. ಪಶ್ಚಿಮದ ಬಿಸಿಲಿಗೆ ಆ ಗಾಜು ಎದುರು ಮನೆಯ ಜಗಲಿಯನ್ನು ಕಾಯಿಸುವುದೂ ಗೌರವವೇ ಇರಬೇಕು.

ಇಬ್ಬರೂ ಎಲಿವೇಷನ್ ಹಾಳೆಯ ಮೇಲೆಯೇ ಜಗಳವಾಡುತ್ತಾರೆ. ಹಳೆಯ ಬೀದಿಯನ್ನು ಒಡೆಯುತ್ತಿರುವುದು ಆ ಹಾಳೆಯಲ್ಲ. ಸೆಟ್‌ಬ್ಯಾಕ್ (ಕಟ್ಟಡದ ಮುಂದೆ, ಪಕ್ಕದಲ್ಲಿ ಬಿಡಬೇಕಾದ ಜಾಗ), ಪಾರ್ಕಿಂಗ್, ನಿವೇಶನ ಕೂಡಿಸುವಿಕೆ ಈ ಮೂರೂ ಸೇರಿ ಒಡೆಯುತ್ತಿವೆ, ಅದೂ ಕಾನೂನುಬದ್ಧವಾಗಿ. ಈ ಮಾತು ಹೇಳಲೆಂದೇ ನಾನು ಬಂದದ್ದು.

ಹಳೆಯ ಬೀದಿಗಳಲ್ಲಿ ಮನೆಗಳು ಭುಜಕ್ಕೆ ಭುಜ ತಾಗಿಸಿ ರಸ್ತೆಯಂಚಿಗೇ ನಿಂತಿವೆ. ಅಗ್ರಹಾರದಲ್ಲಾದರೆ ಜಗಲಿ, ಪೇಟೆಯಲ್ಲಾದರೆ ಕಮಾನು ಪಡಸಾಲೆ, ಒಟ್ಟಿನಲ್ಲಿ ಮನೆಗೂ ಬೀದಿಗೂ ನಡುವೆ ಒಂದು ನೆರಳಿನ ಪಟ್ಟಿ. ನಮ್ಮ ಸಾಮಾನ್ಯ ಕಟ್ಟಡ ನಿಯಮಗಳು ಹೊಸ ಬಡಾವಣೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ನಿವೇಶನ ದೊಡ್ಡದಾದಷ್ಟೂ, ಕಟ್ಟಡ ಎತ್ತರವಾದಷ್ಟೂ ಮುಂದೆ, ಪಕ್ಕದಲ್ಲಿ ಹೆಚ್ಚು ಜಾಗ ಬಿಡಬೇಕು. ಇಷ್ಟು ಚದರ ಮೀಟರಿಗೆ ಇಷ್ಟು ಕಾರು ನಿಲ್ಲಬೇಕು. ಚಿಕ್ಕ ನಿವೇಶನದಲ್ಲಿ ಇದು ಸಾಗುವುದಿಲ್ಲವಾದ್ದರಿಂದ ಮಾಲೀಕ ಪಕ್ಕದ ಎರಡನ್ನು ಕೊಂಡು ಕೂಡಿಸುತ್ತಾನೆ. ಕೂಡಿಸಿದ್ದೇ ತಡ ಇನ್ನಷ್ಟು ಎತ್ತರ, ಇನ್ನಷ್ಟು ಹಿಂದೆ. ಪಂಕ್ತಿಯಲ್ಲಿ ಒಬ್ಬ ತನ್ನ ಎಲೆಯನ್ನು ನಾಲ್ಕು ಅಡಿ ಹಿಂದಕ್ಕೆಳೆದು ಕೂತರೆ ಬಡಿಸುವವನ ಗತಿ ಏನಾಗುತ್ತದೋ ನಡೆಯುವವನ ಗತಿ ಅಲ್ಲಿ ಹಾಗೆ. ನೆರಳು ತಪ್ಪಿತು, ಮಳೆಗೆ ಸೂರು ತಪ್ಪಿತು, ಬಿಟ್ಟ ಜಾಗ ಬೈಕುಗಳ ಪಾಲಾಯಿತು.

ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಆನೆಯ ಮೇಲಿನ ಅಂಬಾರಿ ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತವರ ಕಣ್ಣಿಗೆ ಸುಮಾರಾಗಿ ನೇರಕ್ಕೆ ಬರುತ್ತದೆ. ಕೆಳಗೆ ಫುಟ್‌ಪಾತಿನ ಜನ, ಮೇಲೆ ಬಾಲ್ಕನಿ, ತಾರಸಿಯ ಜನ. ಬೀದಿಯೇ ಸಭಾಂಗಣ, ಕಟ್ಟಡಗಳೇ ಗೋಡೆ. ಹಿಂದೆ ಸರಿದ ಕಟ್ಟಡದೆದುರು ಆ ಗೋಡೆ ಒಡೆದು ತಗ್ಗು ಬೀಳುತ್ತದೆ. ಅಲ್ಲಿ ಎಷ್ಟು ಕಮಾನು ಅಂಟಿಸಿದರೂ ಅದು ತುಂಬುವುದಿಲ್ಲ. ಮೇಷ್ಟ್ರು ಹುಡುಗರಿಗೆ ಬೀದಿ ಬರೆಸಿದ್ದರಲ್ಲ, ಅವರ ಕಾಗದದಲ್ಲಿ ಇಂಥ ತಗ್ಗು ಮೊದಲು ಕಾಣುತ್ತಿತ್ತು. ನಮ್ಮ ಎಲಿವೇಷನ್ನುಗಳಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಬೇರೆ ದಾರಿ ಇದ್ದ ಊರುಗಳಿವೆ. ಅಮೆರಿಕದ ಸವಾನಾ ನಗರಕ್ಕೆ 1733ರಲ್ಲಿ ಹಾಕಿದ ಚೌಕಗಳ ವಿನ್ಯಾಸ ಇಂದಿಗೂ ಉಳಿದಿದೆ. 1960ರ ದಶಕದಲ್ಲಿ ಅಲ್ಲಿ ಮಾಡಿದ ಸಂರಕ್ಷಣಾ ಯೋಜನೆ ಹೊಸ ಕಟ್ಟಡವನ್ನು ತೂಗಲು 16 ಅಂಶಗಳನ್ನು ಕೊಟ್ಟಿತು. ಇಂಥ ಶೈಲಿಯಲ್ಲೇ ಕಟ್ಟಿ ಎಂಬ ಕಟ್ಟಳೆ ಅದರಲ್ಲಿಲ್ಲ. ಎತ್ತರ, ಮುಖದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ, ಗೋಡೆಗೂ ಕಿಟಕಿಗೂ ಇರುವ ಲಯ, ಬೀದಿಯುದ್ದಕ್ಕೂ ಕಟ್ಟಡಗಳ ನಡುವಿನ ಅಂತರದ ಲಯ, ಬಾಗಿಲುಗಳ ಚಾಚು, ಬೀದಿಗೋಡೆಯ ಅಖಂಡತೆ, ಇಂಥವೇ ಹೆಚ್ಚು. ಇವನ್ನು ಟೇಪು ಹಿಡಿದು ಅಳೆಯಬಹುದು. ಅಳೆಯಬಹುದಾದ್ದನ್ನು ಮಾಲೀಕ ಮೊದಲೇ ತಿಳಿದು ಬರುತ್ತಾನೆ. ನ್ಯಾಯಾಲಯದಲ್ಲೂ ಅದು ನಿಲ್ಲುತ್ತದೆ. ‘ಸುತ್ತಲಿಗೆ ಹೊಂದುವಂತಿಲ್ಲ’ ಎಂದಷ್ಟೇ ಷರಾ ಬರೆದು ಕಡತ ವಾಪಸ್ ಮಾಡುವುದು ಅಧಿಕಾರ ಚಲಾವಣೆ, ಪರಿಶೀಲನೆಯಲ್ಲ. ಸಮಿತಿಯವರ ಅಭಿರುಚಿಯ ಮೇಲೆ ಭರವಸೆ ಇಡಿ ಎನ್ನುವ ಗೆಳೆಯರಿಗೆ ನನ್ನ ಉತ್ತರ ಇದು. ಸಮಿತಿ ಬದಲಾದರೆ ಅಭಿರುಚಿಯೂ ಬದಲಾಗುತ್ತದಲ್ಲ?

ಎರಡು ಆಕ್ಷೇಪಗಳು ಬರುತ್ತವೆ. ಮುಂದೆ ಜಾಗ ಬಿಡದಿದ್ದರೆ ಅಗ್ನಿಶಾಮಕ ವಾಹನ ಹೇಗೆ ಬರುತ್ತದೆ, ಕಾರು ಎಲ್ಲಿ ನಿಲ್ಲುತ್ತದೆ? ನ್ಯಾಯವಾದ ಪ್ರಶ್ನೆ, ಇದಕ್ಕೆ ಮೈಸೂರೇ ಉತ್ತರ ಕೊಟ್ಟಿದೆ. 1903ರಲ್ಲಿ ಆದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬೆಳೆಸಿದ ಈ ಊರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ. ಮಲ ಹೊರುವ ಅಮಾನುಷ ಪದ್ಧತಿಗಾಗಿ ಬಿಟ್ಟ ಜಾಗ ಅದು. ಆ ಪದ್ಧತಿ ಹೋಯಿತು, ಓಣಿ ಉಳಿಯಿತು, ಅರ್ಧಕ್ಕರ್ಧ ಕಡೆ ಕಸ, ಒತ್ತುವರಿ. ಸವಾನಾದಲ್ಲೂ ಮನೆಗಳ ಹಿಂದೆ ಇಂಥದೇ ಓಣಿಗಳಿವೆ, ಗಾಡಿ ಒಳಗೆ ಬರುವುದು ಅಲ್ಲಿಂದ. ಓಣಿ ಬಿಡಿಸಿ, ಪಾರ್ಕಿಂಗ್, ಟ್ರಾನ್ಸ್‌ಫಾರ್ಮರ್, ಸರಕು ಎಲ್ಲವನ್ನೂ ಹಿಂದಿನಿಂದ ತೆಗೆದುಕೊಂಡರೆ ಮುಂಭಾಗ ಬೀದಿಗೆ ಉಳಿಯುತ್ತದೆ. ಓಣಿಯೇ ಇಲ್ಲದ ಕಡೆ ಪಾರ್ಕಿಂಗಿನ ಕಡ್ಡಾಯವನ್ನೇ ಕೈಬಿಡಬೇಕು. ಹಳೇ ಪೇಟೆಗೆ ಬರುವವರು ಕಾರು ದೂರ ನಿಲ್ಲಿಸಿ ನಡೆದು ಬಂದರೆ ಅಂಗಡಿಗೆ ನಷ್ಟವಿಲ್ಲ. ಪಡಸಾಲೆ ಇದ್ದರೆ ನಡೆಯುತ್ತಾರೆ ಕೂಡ.

ಇನ್ನೊಂದು ಆಕ್ಷೇಪ ಮಾಲೀಕರದು: ಎತ್ತರ ಕಡಿಮೆ ಮಾಡಿ, ನಿವೇಶನ ಕೂಡಿಸಬೇಡಿ ಎಂದರೆ ನಮ್ಮ ನಷ್ಟ ಯಾರು ತುಂಬುತ್ತಾರೆ? ಒಪ್ಪುತ್ತೇನೆ. ಕಳೆದುಕೊಂಡ ಮಹಡಿಯ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳಲು ಅವಕಾಶ ಕೊಡದೆ ಬರೀ ನಿರ್ಬಂಧ ಹೇರಿದರೆ ಅದು ಅನ್ಯಾಯ. ಮುಂದಿನ ಸೆಟ್‌ಬ್ಯಾಕ್ ಬಿಟ್ಟುಕೊಟ್ಟರೆ ಅಷ್ಟು ನೆಲ ಮಾಲೀಕನಿಗೆ ಸಿಗುತ್ತದೆ ಎಂಬುದೂ ಲೆಕ್ಕಕ್ಕೆ ಬರಲಿ. ರಸ್ತೆಯಂಚಿನ ನೆಲವೇ ಅಂಗಡಿಗೆ ಹೆಚ್ಚು ಬೆಲೆಬಾಳುವಂಥದ್ದು.

ಕೊನೆಯದಾಗಿ, ಈ ಊರಿನವರಿಗೆ ಇನ್ನೂ ಆರದ ಎರಡು ಗಾಯಗಳ ಬಗ್ಗೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷದ ನಂತರ ಅದೇ ತಿಂಗಳು ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ದುರಸ್ತಿಯೋ, ಕೆಡವಿ ಅದೇ ಮಾದರಿಯಲ್ಲಿ ಹೊಸದೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ನನ್ನ ಒಲವು ದುರಸ್ತಿಯ ಕಡೆಗೆ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಹೊಸದೇ ಬರುವುದಾದರೆ ‘ಅದೇ ಮಾದರಿ’ ಎಂದರೆ ಏನೆಂದು ಪರವಾನಗಿಯಲ್ಲಿ ಬರೆಯಬೇಕು ಎಂದಷ್ಟೇ ನನ್ನ ಒತ್ತಾಯ. ಕಮಾನಿನ ವಕ್ರರೇಖೆ ಹೊಂದಿಸುವುದು ಸುಲಭ, ಕಾಂಕ್ರೀಟಿನಲ್ಲಿ ಯಾವ ವಕ್ರವನ್ನಾದರೂ ಎರೆಯಬಹುದು. ಹೂವು, ವೀಳ್ಯದೆಲೆ, ಕುಂಕುಮದವರು ಕೂರುವ ಕಟ್ಟೆ ಬೀದಿಯ ಮಟ್ಟದಿಂದ ಎಷ್ಟು ಎತ್ತರ? ಒಳಹೋಗುವ ಬಾಗಿಲುಗಳು ಎಷ್ಟು, ಯಾವ ರಸ್ತೆಗೆ? ಒಂದೊಂದು ಮಳಿಗೆಯ ಅಗಲ ಎಷ್ಟು? ಈ ಅಳತೆಗಳು ಹಳೆಯದರಿಂದ ಹೊಸದಕ್ಕೆ ಅಂಗುಲ ಲೆಕ್ಕದಲ್ಲಿ ಬರಬೇಕು. ಎರಡು ಮಳಿಗೆ ಕೂಡಿಸಿ ಒಂದು ಮಾಡುವಂತಿಲ್ಲ ಎಂಬ ಷರತ್ತು ನಕ್ಷೆಯಲ್ಲೂ ಬರಬೇಕು, ಬಾಡಿಗೆ ಕರಾರಿನಲ್ಲೂ ಬರಬೇಕು. ಮಳಿಗೆಗಳನ್ನು ಬಾಡಿಗೆಗೆ ಕೊಡುವುದು ಪಾಲಿಕೆ. ಇದಕ್ಕಾಗಿ ಅದು ಹೊಸ ಕಾನೂನಿಗೆ ಕಾಯಬೇಕಾದ್ದಿಲ್ಲ.