ಹೆಗಲ ಮೇಲಿನ ಹರಿಗೋಲು
(ತಿಕೋಟಾ ಭಾಗದ ರೈತರ ಮುಂದೆ ಮಾಡಿದ ಭಾಷಣ)



ನಾನು ನಾವೆಯ ವಿಷಯ ಮಾತನಾಡಲು ನಿಂತಿದ್ದೇನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ತಿಕೋಟಾದವರಿಗೆ ನಾವೆಯ ಮಾತೇಕೆ? ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುತ್ತಿದ್ದ ಸೀಮೆ ಇದು. ನಮ್ಮಲ್ಲಿ ಡೋಣಿ ಎಂದರೆ ಹೊಳೆಯ ಹೆಸರು, ಅದರಲ್ಲಿ ತೇಲುವ ದೋಣಿಯನ್ನು ಕಂಡವರು ಕಡಿಮೆ.

ಆದರೆ ಈಗ ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ದಿಬ್ಬವೇರಿ ಬಂದಿದೆ. ಹುಡುಗರು ಚಿನ್ನಿದಾಂಡು ಆಡುತ್ತಿದ್ದ ಕೆರೆಯಂಗಳಗಳಲ್ಲಿ ಆಳುಮಟ್ಟದ ನೀರು ನಿಲ್ಲುತ್ತಿದೆ. 1633ರಲ್ಲಿ ಮಹಮ್ಮದ ಆದಿಲಶಾಹ ಕಟ್ಟಿಸಿದ ಮಮದಾಪುರದ ಕೆರೆಯನ್ನು ನೋಡಿದವರಿಗೆ ನೀರಿನ ಹರವು ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ನೀರು ಬಂತು, ಅದರ ಹಿಂದೆ ಮೀನು ಬಂತು, ಮೀನಿನ ಹಿಂದೆ ಬಲೆಯೂ ಬಂತು. ಈಜು ಮಾತ್ರ ಇನ್ನೂ ಬಂದಿಲ್ಲ. ನನ್ನ ಮಾತೆಲ್ಲ ಇದರ ಸಲುವಾಗಿಯೇ ಇದೆ.

ನಮ್ಮ ತರುಣರು ಮೀನು ಹಿಡಿಯಲು ಏನನ್ನು ಏರಿ ಹೋಗುತ್ತಾರೆ? ಟ್ರ್ಯಾಕ್ಟರಿನ ಹಳೆಯ ಟ್ಯೂಬು, ಥರ್ಮಾಕೋಲಿನ ಹಲಗೆ, ಹಗ್ಗದಿಂದ ಬಿಗಿದ ಪ್ಲಾಸ್ಟಿಕ್ ಪೀಪಾಯಿ. ಅವರ ಜಾಣತನವನ್ನು ನಾನು ಹಳಿಯುವದಿಲ್ಲ. ಕೆರೆಯಿಂದ ಕೆರೆಗೆ ಹೋಗುವವನಿಗೆ ಬೇಕಾದದ್ದು ಒಬ್ಬನೇ ಹೊತ್ತು ಒಯ್ಯುವಂಥ ಹಗುರಾದ ನಾವೆ. ದೊಡ್ಡ ಮರದ ದೋಣಿಯನ್ನು ಕಪ್ಪು ಎರೆಯ ಹೊಲ ದಾಟಿಸಿ ನೀರಿಗೆ ಇಳಿಸುವವರು ಯಾರು? ಆದರೆ ಆ ಟ್ಯೂಬು ನಾವೆಯಲ್ಲ. ಅದರಲ್ಲಿ ಕಾಲು ನೀರಿನಲ್ಲೇ ಇರುವದು, ಬಲೆ ಕಾಲಿಗೆ ಸುತ್ತಿಕೊಳ್ಳುವದು, ಒಂದು ಮುಳ್ಳು ನಟ್ಟರೆ ಕಥೆ ಮುಗಿಯಿತು.

ಇಂಥ ಹಗುರ ನಾವೆ ನಮ್ಮ ನಾಡಿಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯೆಸ್, ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಮಂದಿ ತುಂಗಭದ್ರೆ ದಾಟುವದನ್ನು ಕಂಡು ಬರೆದಿಟ್ಟಿದ್ದಾನೆ. ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆಂದು ಅವನಿಗೆ ಸೋಜಿಗ. ಅದೇ ನಮ್ಮ ಹರಿಗೋಲು. ಇಂದು ತೊಗಲಿನ ಬದಲು ಡಾಂಬರು ಬಳಿದ ಬಟ್ಟೆ ಇಲ್ಲವೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಒಬ್ಬರ ಮೀನುಗಾರಿಕೆಯ ಹರಿಗೋಲನ್ನು ಬೋರಲು ಮಾಡಿ ತಲೆ–ಬೆನ್ನಿನ ಮೇಲೆ ಹೊತ್ತು ನಡೆಯುವವನನ್ನು ದೂರದಿಂದ ನೋಡಿದರೆ ಆಮೆ ಎದ್ದು ನಡೆದಂತೆ ಕಾಣುವದು.

ಹೊರದೇಶದವರೂ ಇದೇ ತೊಡಕಿಗೆ ಉಪಾಯ ಹುಡುಕಿದರು. 1840ರ ದಶಕದಲ್ಲಿ ಇಂಗ್ಲೆಂಡಿನ ನೌಕಾದಳದ ಪೀಟರ್ ಹಾಲ್ಕೆಟ್ ಎಂಬವನು ರಬ್ಬರು ಬಟ್ಟೆಯ ನಿಲುವಂಗಿಯೊಂದನ್ನು ಮಾಡಿದ. ಮಳೆಗೆ ಹೊದೆಯಬಹುದು, ಗಾಳಿ ತುಂಬಿದರೆ ದೋಣಿ! ನಮ್ಮ ಕಂಬಳಿ ಕೊಪ್ಪೆ ಹೊಳೆಯಲ್ಲಿ ತೇಲಿದಂತೆ. ಜಾನ್ ರೇ ಎಂಬ ಶೋಧಕ 1846ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟಾಗ ಹಾಲ್ಕೆಟನ ದೋಣಿಯನ್ನು ಒಯ್ದಿದ್ದ. 1982ರಲ್ಲಿ ಅಲಾಸ್ಕಾದ ಕಾಡುಮೇಡಿನ ನಡಿಗೆಯ ಪಂದ್ಯದಲ್ಲಿ ಐವತ್ತು ದಾಟಿದ ಡಿಕ್ ಗ್ರಿಫಿತ್ ಬೆನ್ನಚೀಲದಿಂದ ಗಾಳಿದೋಣಿ ತೆಗೆದು ಹೊಳೆಗೆ ಇಳಿದಾಗ, ಹರೆಯದ ಸ್ಪರ್ಧಿಗಳು ದಡದಲ್ಲಿ ಬೆರಗಾಗಿ ನಿಂತರಂತೆ. ಇಂದು ಅಲ್ಲಿ ಎರಡರಿಂದ ನಾಲ್ಕು ಕಿಲೋ ತೂಕದ ನೈಲಾನ್ ಬಟ್ಟೆಯ ದೋಣಿಗಳಿವೆ. ಬೇಟೆಗಾರರೂ ಮೀನು ಹಿಡಿಯುವವರೂ ಅವನ್ನು ಮಡಿಸಿ ಬೆನ್ನಿಗೆ ಹಾಕಿಕೊಂಡು ದಾರಿಯಿಲ್ಲದ ಅಡವಿಗೆ ನಡೆದು ಹೋಗಿ, ಬರುವಾಗ ಹೊರೆಯನ್ನು ಹೊಳೆಯ ಮೇಲೆ ತೇಲಿಸಿಕೊಂಡು ಬರುತ್ತಾರೆ.

ಅಂಥ ಗಾಳಿದೋಣಿಯನ್ನು ನಮ್ಮ ಹುಡುಗರೂ ಊರಿಗೆ ತರಿಸಿಯಾರು. ಬೇಡವೆನ್ನುವದಿಲ್ಲ, ಆದರೆ ಎರಡು ಮಾತು ತಿಳಿದಿರಲಿ. ನಮ್ಮ ಕೆರೆಯಂಗಳಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು, ಅಲ್ಲಿ ಜಾಲಿ ಬೆಳೆದಿತ್ತು. ನೀರು ತುಂಬಿದ ಮೇಲೆ ಆ ಜಾಲಿ ನೀರೊಳಗೇ ನಿಂತಿದೆ. ಮೇಲೆ ಕಾಣದ ಆ ಮುಳ್ಳು ತೆಳು ಬಟ್ಟೆಗೆ ಶತ್ರು. ಎರಡನೆಯದು ಬಿಸಿಲು. ದಡದಲ್ಲಿ ಗಟ್ಟಿಯಾಗಿ ಗಾಳಿ ತುಂಬಿ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುವದು. ತಣ್ಣೀರಿಗೆ ಇಳಿಸಿದರೆ ಅದೇ ಗಾಳಿ ಕುಗ್ಗಿ ದೋಣಿ ಮೆತ್ತಗಾಗುವದು. ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಗಾಳಿ ತುಂಬಿಯೇ ಹೊರಡಬೇಕು. ನನ್ನ ಮಟ್ಟಿಗೆ ಹೇಳುವದಾದರೆ, ನಮ್ಮ ಕೆರೆಗಳಿಗೆ ಬಿದಿರಿನ ಹರಿಗೋಲೇ ಮೇಲು. ಹರಿದರೆ ಡಾಂಬರಿನ ತೇಪೆ ಹಾಕಲು ಊರಲ್ಲೇ ಆಗುವದು.

ಇನ್ನು ಅದು ತೇಲುವ ಬಗೆಯನ್ನು ನೋಡಿರಿ. ತಳ ಒಂದೂವರೆ ಮೀಟರು ಅಗಲವಿರುವ ಹರಿಗೋಲಿನಲ್ಲಿ ಆಳು, ಬಲೆ, ಮೀನು, ಹರಿಗೋಲಿನ ಸ್ವಂತ ಭಾರ ಎಲ್ಲ ಕೂಡಿ 110 ಕಿಲೋ ಆಯಿತೆನ್ನಿರಿ. ಅದು 110 ಲೀಟರು ನೀರನ್ನು ಸರಿಸಿ ನಿಲ್ಲಬೇಕು. ಲೆಕ್ಕ ಹಾಕಿದರೆ ಅದು ಮುಳುಗುವದು ಬರೀ ಆರು ಸೆಂಟಿಮೀಟರಿನಷ್ಟು, ಮೂರು–ನಾಲ್ಕು ಬೆರಳು. ಆದ್ದರಿಂದಲೇ ಮೊಣಕಾಲುದ್ದ ನೀರಿನಲ್ಲೂ ಅದು ನಡೆಯುವದು. ಆದರೆ ನೀರಿನ ಹಿಡಿತ ಮೂರು ಬೆರಳಿನಷ್ಟೇ ಇದ್ದರೆ ಗಾಳಿಯ ಹಿಡಿತ ಅದಕ್ಕಿಂತ ದೊಡ್ಡದಾಗಿರುವದನ್ನು ಮರೆಯಬೇಡಿರಿ. ಮುಂಗಾರಿನಲ್ಲಿ ನಮ್ಮ ಬಯಲಿಗೆ ಪಡುವಣ ಗಾಳಿ ಹೇಗೆ ಬೀಸುವದೆಂದು ಜೋಳ ತೂರಿದವರಿಗೆ ಗೊತ್ತು. ಆ ಗಾಳಿ ಹರಿಗೋಲನ್ನು ಎಲೆಯಂತೆ ಮೂಡಣ ದಡಕ್ಕೆ ನೂಕುವದು. ಹೋಗುವಾಗ ಸುಖ, ತಿರುಗಿ ಬರುವಾಗ ತೋಳು ಸೋಲುವದು. ಕೆರೆಯ ನಡುವೆ ತೋಳು ಸೋತವನೇ ಎದ್ದು ನಿಲ್ಲಲು ಹೋಗಿ ಮಗುಚುವದು. ಆದ್ದರಿಂದ ನಸುಕಿನಲ್ಲಿ, ಗಾಳಿ ಏಳುವ ಮೊದಲು ಬಲೆ ಎತ್ತಿ ದಡ ಸೇರಿರಿ. ಗಾಳಿಗೆ ಸಿಕ್ಕಿದಿರಾದರೆ ಎದುರು ಹುಟ್ಟು ಹಾಕಿ ದಣಿಯಬೇಡಿರಿ. ತಳದಲ್ಲಿ ಕುಳಿತು, ಅದು ಒಯ್ದ ದಡಕ್ಕೆ ಹೋಗಿ ಹರಿಗೋಲು ಹೊತ್ತು ನಡೆದು ಬನ್ನಿರಿ. ಹೊರಲು ಬರುವದೇ ಇದರ ಲಾಭ.

ಹುಟ್ಟು ಹಾಕುವದಕ್ಕೂ ರೀತಿಯುಂಟು. ಹೋಗಬೇಕಾದ ಕಡೆಗೆ ಮುಖ ಮಾಡಿ ಮಂಡಿಯೂರಿ, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಪಕ್ಕದಲ್ಲಿ ಹಾಕಿದರೆ ಬುಗುರಿಯಂತೆ ತಿರುಗುವದು. ಸೊಂಟಮಟ್ಟದ ನೀರಿನಲ್ಲಿ ಒಂದು ವಾರ ಕಲಿತ ಮೇಲೆ ಆಳಕ್ಕೆ ಹೋಗಿರಿ. ಅಂಚಿನಲ್ಲಿ ನಿಂತು ಬಲೆ ಬೀಸುವ ಚಪಲ ಬೇಡ.

ತೇಲುವ ಅಂಗಿ, ಅಂದರೆ ಲೈಫ್ ಜಾಕೆಟ್, ತೊಡದೆ ಯಾರೂ ಇಳಿಯಬಾರದು. ಸೆಕೆಯೆಂದು ಅದನ್ನು ಹರಿಗೋಲಿನ ತಳಕ್ಕೆ ಹಾಸಿ ಕೂಡುವವರಿದ್ದಾರೆ. ಮಗುಚಿದ ಹೊತ್ತಿಗೆ ಅದನ್ನು ತೊಡಲು ಆಗುವದಿಲ್ಲ. ಬಲೆ ಕತ್ತರಿಸಲು ಒಂದು ಚಾಕು ಸೊಂಟಕ್ಕಿರಲಿ. ದಡದಲ್ಲಿ ಉದ್ದ ಹಗ್ಗ ಹಿಡಿದ ಇನ್ನೊಬ್ಬನಿರಲಿ. ಮುಳುಗುವವನ ಹಿಂದೆ ಹಾರಬೇಡಿರಿ, ಹಗ್ಗ ಎಸೆಯಿರಿ. ದ್ರಾಕ್ಷಿ ತೋಟಗಳ ಕೃಷಿ ಹೊಂಡಕ್ಕೂ ಇದೇ ಮಾತು. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಈಜು ಬಲ್ಲವನ ಕಾಲೂ ನಿಲ್ಲುವದಿಲ್ಲ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ, ಸುತ್ತಲೂ ಬೇಲಿ ಹಾಕಿರಿ.

ಕೆರೆಯ ತೂಬು, ನೀರೆತ್ತುವ ಪಂಪಿನ ಬಾಯಿ, ಇವುಗಳ ಹತ್ತಿರ ಸುಳಿಯಬಾರದು. ಡೋಣಿಗೆ ಮಹಾಪೂರ ಬಂದಾಗ ಹರಿಗೋಲು ಇಳಿಸುವ ಮಾತೇ ಇಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೇಲಿನಿಂದ ನೀರು ಬಿಟ್ಟರೆ ಹೊಳೆ ಏರುವದು. ಕೆರೆಯಲ್ಲಿ ಕಲಿತದ್ದು ಅಲ್ಲಿ ಸಾಲದು.

ಬೇಟೆಯ ವಿಷಯ ಕೇಳುವವರಿದ್ದಾರೆ. ಅಲಾಸ್ಕಾದಲ್ಲಿ ಪರವಾನಿಗೆ ಪಡೆದು ಬೇಟೆಯಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಹೆಬ್ಬಾತುಗಳ ನಡುವೆ ಹರಿಗೋಲು ನುಗ್ಗಿಸಿ ಕಲ್ಲು ಬೀರುವದೂ ಬೇಡ. ಮೀನಿಗಾದರೂ ಕೆರೆಯ ಗುತ್ತಿಗೆ ಯಾರದೆಂದು ಪಂಚಾಯತಿಯಲ್ಲಿಯೋ ಮೀನುಗಾರಿಕೆ ಇಲಾಖೆಯಲ್ಲಿಯೋ ವಿಚಾರಿಸಿಯೇ ಇಳಿಯಿರಿ. ಕಟ್ಲಾ, ರೋಹು ಮರಿಗಳನ್ನು ದುಡ್ಡು ಕೊಟ್ಟು ಬಿಟ್ಟವರು ಬೇರೆ ಇರುತ್ತಾರೆ.

ಕೆಲಸ ಮುಗಿದ ಮೇಲೆ ಹರಿಗೋಲನ್ನು ದಡದಲ್ಲೇ ಬಿಟ್ಟು ಬರುವ ರೂಢಿ ಕೆಟ್ಟದ್ದು. ಬಿಸಿಲಿಗೆ ಪ್ಲಾಸ್ಟಿಕ್ ಸೀಳುವದು, ಆಡಲು ಬಂದ ಮಕ್ಕಳು ಅದನ್ನು ನೀರಿಗೆ ತಳ್ಳುವರು. ಹೊತ್ತು ಮನೆಗೆ ತನ್ನಿರಿ, ತೊಳೆದು ಒಣಗಿಸಿರಿ. ಒಣದ್ರಾಕ್ಷಿಯ ಶೆಡ್ಡು ಇದ್ದವರಿಗೆ ಜಾಗದ ಚಿಂತೆಯಿಲ್ಲ. ನೆರಳೂ ಗಾಳಿಯೂ ಅಲ್ಲಿವೆ. ನೆಲದ ಮೇಲಿಡದೆ ತೂಗುಹಾಕಿರಿ, ಮೀನಿನ ವಾಸನೆಗೆ ಇಲಿ ಬಂದು ಹೊದಿಕೆ ಕಡಿಯುವದು.