ಕೆಲಸ ಹೋದವನ ಕೈಯಲ್ಲಿ ಕಾಗದವಿರಲಿ
(ಬಂಟ್ವಾಳದಲ್ಲಿ ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸದಿಂದ ತೆಗೆದುಹಾಕಿಸಿಕೊಂಡ ಮನುಷ್ಯನು ಇನ್ನೊಂದು ಕೆಲಸವನ್ನು ಹೇಗೆ ಹುಡುಕಬೇಕು, ಹಳೆಯ ಧನಿಗಳ ಮಾತು ಅವನ ಬೆನ್ನು ಹತ್ತಿ ಬರುವಾಗ ಏನು ಮಾಡಬೇಕು ಎಂಬುದು ಇಂದಿನ ವಿಷಯ. ತೆಗೆದದ್ದು ನ್ಯಾಯವೋ ಅನ್ಯಾಯವೋ ಎಂಬ ವಾದ ಬೇರೆ; ಅದು ಲೇಬರ್ ಆಫೀಸಿನಲ್ಲಿ ನಡೆಯಲಿ. ಆ ವಾದ ತೀರುವವರೆಗೆ ಮನೆಯ ಒಲೆ ಕಾಯುವುದಿಲ್ಲವಲ್ಲ!

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಕೆಲಸ ಸಿಗುವುದು ಹೇಗೆ? ಜಾಹೀರಾತು ನೋಡಿ ಸಿಗುವುದು ಕಡಿಮೆ. ಗೇರುಬೀಜದ ಕಾರ್ಖಾನೆಯ ಮೇಸ್ತ್ರಿ, ಅಕ್ಕಿ ಮಿಲ್ಲಿನ ರೈಟರು, ಜವಳಿ ಅಂಗಡಿಯ ಗುಮಾಸ್ತರು, ಇವರಲ್ಲಿ ಒಬ್ಬರು "ನಮ್ಮ ಜನ, ತೊಂದರೆಯಿಲ್ಲ" ಎಂದರೆ ಕೆಲಸವಾಯಿತು. ಈ ಜಿಲ್ಲೆಯ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ತಲೆಮಾರುಗಟ್ಟಲೆ ಹೋದದ್ದೂ ಊರವರೊಬ್ಬರ ಮಾತಿನ ಬಲದಿಂದಲೇ. ಆದರೆ ಬಾಯಿಮಾತಿನಿಂದ ಬಂದ ಕೆಲಸ ಬಾಯಿಮಾತಿನಿಂದಲೇ ತಪ್ಪಿಯೂ ಹೋಗುತ್ತದೆ. ಹೊಸ ಧನಿಗಳು ಹಳೆಯ ಧನಿಗಳಿಗೆ ಫೋನು ಮಾಡಿ "ಹೇಗೆ ಜನ?" ಎಂದು ಕೇಳುತ್ತಾರೆ. ಅತ್ತ ಕಡೆಯಿಂದ "ಅಡ್ಡಿಲ್ಲ..." ಎಂದು ಸ್ವಲ್ಪ ಎಳೆದು ಹೇಳಿದರೆ ಮುಗಿಯಿತು. ಕಳ್ಳನೆಂದು ಬೈದರೆ ಉತ್ತರ ಕೊಡಬಹುದು. ಆ ಎಳೆದ "ಅಡ್ಡಿಲ್ಲ"ಕ್ಕೆ ಉತ್ತರ ಕೊಡುವುದು ಯಾವ ಕೋರ್ಟಿನಲ್ಲಿ?

ಆದುದರಿಂದ ಕಾಗದ ಬೇಕು ಎನ್ನುತ್ತೇನೆ. ನಾನು ಹಿಂದೆ ಮಾಸ್ಟ್ರಾಗಿದ್ದವನು. ಶಾಲೆ ಬಿಡುವ ಹುಡುಗನಿಗೆ ಟಿ.ಸಿ. ಕೊಡುತ್ತೇವೆ; ಫೇಲಾದವನಿಗೂ, ತಂಟೆ ಮಾಡಿದವನಿಗೂ ಕೊಡುತ್ತೇವೆ. ಸೇರಿದ ತಾರೀಕು, ಬಿಟ್ಟ ತಾರೀಕು, ಕಲಿತ ತರಗತಿ, ಇಷ್ಟು ಅದರಲ್ಲಿ ಇರುತ್ತದೆ. ಹತ್ತು ವರ್ಷ ಮಿಲ್ಲಿನಲ್ಲಿ ದುಡಿದವನಿಗೆ ಅಷ್ಟೂ ಬೇಡವೇ? 1946ರ ಸ್ಟ್ಯಾಂಡಿಂಗ್ ಆರ್ಡರ್ ಕಾಯಿದೆಯ ಕೆಳಗಿನ ಮಾದರಿ ನಿಯಮಗಳು ಇದನ್ನು ಒಪ್ಪಿದ್ದವು: ಖಾಯಂ ಕೆಲಸಗಾರನು ನಿವೃತ್ತನಾಗಲಿ, ಡಿಸ್ಮಿಸ್ ಆಗಲಿ, ಅವನಿಗೆ ಸರ್ವಿಸ್ ಸರ್ಟಿಫಿಕೇಟು ಸಲ್ಲತಕ್ಕದ್ದು. ಡಿಸ್ಮಿಸ್ ಆದವನಿಗೂ ಎಂಬ ಮಾತನ್ನು ಗಮನಿಸಿರಿ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದು ಆ ಹಳೆಯ ಕಾಯಿದೆ ಹೋಯಿತು. ಹೊಸ ಸಂಹಿತೆಯಲ್ಲಿ ಸ್ಟ್ಯಾಂಡಿಂಗ್ ಆರ್ಡರಿನ ಅಧ್ಯಾಯ ಅನ್ವಯವಾಗುವುದು 300 ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ಕಡೆಗೆ. ನಮ್ಮ ಮೂರೂ ಕಡೆಗಳಲ್ಲಿ ಅಷ್ಟು ದೊಡ್ಡ ಕಾರ್ಖಾನೆ ಎಷ್ಟಿವೆ, ನೀವೇ ಹೇಳಿ. ಹಾಗಾಗಿ ಕಾಗದ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ಯಾವಾಗ ಕೇಳುವುದು? ಲೆಕ್ಕ ತೀರಿಸುವ ದಿನವೇ. ತೆಗೆದುಹಾಕಿದ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಹಣ ಎಣಿಸಿಕೊಳ್ಳುವಾಗಲೇ ಕಾಗದವನ್ನೂ ಬರೆಸಿಕೊಳ್ಳಿ. ಹೆಸರು, ಕೆಲಸ, ಎಂದಿನಿಂದ ಎಂದಿನವರೆಗೆ, ಇಷ್ಟಿದ್ದರೆ ಸಾಕು. ಹೊಗಳಿಕೆ ಬೇಡ, ಹೊಗಳಿಸಿಕೊಳ್ಳಲು ಹೋದರೆ ಅದೂ ಇಲ್ಲ, ಇದೂ ಇಲ್ಲವಾಗುತ್ತದೆ. ಓದದೆ ಯಾವ ರಾಜಿನಾಮೆಗೂ ಹೆಬ್ಬೆಟ್ಟು ಒತ್ತಬೇಡಿ. ಪ್ರಾವಿಡೆಂಟ್ ಫಂಡಿನ ಯು.ಎ.ಎನ್. ನಂಬರು ನಿಮ್ಮದು, ಧನಿಗಳದ್ದಲ್ಲ. ಎಷ್ಟು ಕಡೆ ದುಡಿದರೂ ಅದೇ ನಂಬರು ನಡೆಯುತ್ತದೆ, ಅದರ ಪಾಸ್‌ಬುಕ್ಕೇ ನೀವು ದುಡಿದದ್ದಕ್ಕೆ ಒಂದು ಸಾಕ್ಷಿ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಅಕ್ಕಂದಿರು ಬ್ರಾಂಚಿನ ಪುಸ್ತಕವನ್ನೂ ಬೀಡಿ ಕಾರ್ಮಿಕರ ಗುರುತುಚೀಟಿಯನ್ನೂ ಬ್ರಾಂಚಿನವರಲ್ಲಿ ಬಿಡದೆ ಮನೆಯಲ್ಲೇ ಇಟ್ಟುಕೊಳ್ಳಬೇಕು.

ನಾಳೆ ಕೇಳುವ ಎಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಂಚಿನ ಕಾರ್ಖಾನೆಗಳೇ ಉದಾಹರಣೆ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಎಷ್ಟು ಕಾರ್ಖಾನೆಗಳೆದ್ದವು, ಎಷ್ಟು ಮುಚ್ಚಿದವು! ಚಿಮಿಣಿ ಮಾತ್ರ ಉಳಿದ ಕಡೆ ಹೋಗಿ ಯಾರಲ್ಲಿ ಸರ್ಟಿಫಿಕೇಟು ಕೇಳುವುದು?

ಇನ್ನು ಹೊಸ ಧನಿಗಳ ಎದುರು ನಿಂತಾಗ. "ಅಲ್ಲಿ ಯಾಕೆ ಬಿಟ್ಟದ್ದು?" ಎಂದು ಅವರು ಕೇಳಿಯೇ ಕೇಳುತ್ತಾರೆ. "ನಾನೇ ಬಿಟ್ಟೆ" ಎಂದು ಸುಳ್ಳು ಹೇಳಬೇಡಿ. ಈ ಊರುಗಳಲ್ಲಿ ಸುಳ್ಳು ಬಸ್ಸಿಗಿಂತ ಮೊದಲು ತಲಪುತ್ತದೆ. ಹಳೆಯ ಧನಿಗಳ ಜಾತಕ ಬಿಚ್ಚಿಡಲೂ ಬೇಡಿ. "ತೆಗೆದರು ಧನಿಗಳೇ. ರಜೆಯ ವಿಷಯದಲ್ಲಿ ಮಾತು ಬಂತು. ಆರು ವರ್ಷ ಮಿಶಿನು ನಡೆಸಿದ್ದೇನೆ, ಕಾಗದ ಇಲ್ಲಿದೆ" ಎಂದು ಎರಡು ಮಾತಿನಲ್ಲಿ ಹೇಳಿ, ಕೆಲಸದ ವಿಷಯಕ್ಕೆ ಬನ್ನಿ. ವಿಚಾರಿಸಬೇಕಾದರೆ ಯಾರನ್ನು ವಿಚಾರಿಸಬಹುದೆಂದು ನೀವೇ ಹೆಸರು ಕೊಡಿ. ನಿಮ್ಮ ಕೈಕೆಲಸ ಕಂಡವರು ಧನಿಗಳಲ್ಲ, ಮೇಸ್ತ್ರಿ. ಅಥವಾ ನಿಮ್ಮಿಂದ ಸಾಮಾನು ಅಳೆಸಿಕೊಂಡ ಗಿರಾಕಿ. ಅವರನ್ನು ಮೊದಲೇ ಕಂಡು "ನಿಮ್ಮ ಹೆಸರು ಹೇಳುತ್ತೇನೆ, ಆದೀತೇ?" ಎಂದು ಕೇಳಿಡಿ. ಸಂಘ ಕಟ್ಟಿದ್ದಕ್ಕೆ ಕೆಲಸ ಹೋದವನಿಗೆ ಈ ಸಾಕ್ಷಿ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಅವನ ವಿಷಯದಲ್ಲಿ "ಅಡ್ಡಿಲ್ಲ" ಎಂದು ಹೇಳುವವರೂ ಸಿಗುವುದು ಕಷ್ಟ.

ವ್ಯಾಪಾರಿ ಮಿತ್ರರೇ, ಇದು ನಿಮಗೂ ಸೇರಿದ ಮಾತು. ಆರು ತಿಂಗಳು ಎಡೆಬಿಡದೆ ದುಡಿದ ಅಂಗಡಿಯಾಳನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಇಲ್ಲವೆ ಅದರ ಸಂಬಳ ಕೊಡದೆ ತೆಗೆಯಬಾರದೆಂದು 1961ರ ಕರ್ನಾಟಕ ಅಂಗಡಿ ಕಾಯಿದೆಯ 39ನೇ ಕಲಮು ಹೇಳುತ್ತದೆ. ಅಪರಾಧವಿದ್ದರೆ ವಿಚಾರಣೆ ನಡೆಸಿ ಬರೆದಿಡಬೇಕು. ಯಾರಾದರೂ ಫೋನು ಮಾಡಿ ವಿಚಾರಿಸಿದರೆ ಕಂಡದ್ದನ್ನು ಹೇಳಿ, ಕೇಳಿದ್ದನ್ನು ಬಿಡಿ. ಗಲ್ಲೆಯ ಹಣ ಕಡಿಮೆ ಬಂದದ್ದು ನಿಜ, ತೆಗೆದವರು ಯಾರೆಂದು ತಿಳಿಯದು ಎಂದಾದರೆ, ಆ ಹುಡುಗನ ತಲೆಗೆ ಅದನ್ನು ಕಟ್ಟುವ ಹಕ್ಕು ನಿಮಗಿಲ್ಲ. ನಿಮ್ಮ ಒಂದು ಮಾತಿನ ಮೇಲೆ ಒಂದು ಮನೆಯ ಅಕ್ಕಿ ನಿಂತಿದೆ.

ಅನ್ಯಾಯವಾಗಿ ತೆಗೆದಿದ್ದರೆ, ಬೇರೆ ಕೆಲಸ ಸಿಕ್ಕಿತೆಂದು ಕಾರ್ಖಾನೆಯವರು ತಕರಾರನ್ನು ಕೈಬಿಡಬೇಡಿ. ಟ್ರಿಬ್ಯೂನಲಿಗೆ ಹೋಗುವ ಅವಧಿ ಹಿಂದೆ ಮೂರು ವರ್ಷವಿತ್ತು, ಈಗ ಎರಡೇ. ಸಭೆ ಮುಗಿದ ಮೇಲೆ ನಾನು ಈ ಬೆಂಚಿನಲ್ಲೇ ಇರುತ್ತೇನೆ. ನೋಟೀಸು, ಪಾಸ್‌ಬುಕ್ಕು ತಂದವರು ತೋರಿಸಿ. ಅರ್ಜಿ ಇವತ್ತೇ ಬರೆಯುವ.